ಬಳ್ಳಿಯಕ್ಕನ ಕೈ ತಪ್ಪಿದ ಚೀಲ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆರಿಗೆ ಕೋಣೆಯಲ್ಲಿ ಆಗಷ್ಟೇ ಹುಟ್ಟಿದ ಮಗು ಗಂಟಲು ಹರಿಯುವ ಹಾಗೆ ಅಳುತ್ತಿದೆ. ಅದರ ತಾಯಿ ಅಳುತ್ತಲೇ ನಗುತ್ತಿದ್ದಾಳೆ. ಡಾಕ್ಟರು, ಆಯಾ, ಬಾಗಿಲ ಸಂದಿಯಲ್ಲಿ ಇಣುಕುತ್ತಿರುವ ಅಪ್ಪ, ಎಲ್ಲರ ಕಣ್ಣೂ ಮಗುವಿನ ಮೇಲೆ. ಬಳ್ಳಿಯಕ್ಕನ ಕಣ್ಣು ಮಾತ್ರ ಸ್ಟೀಲಿನ ತಟ್ಟೆಯ ಮೇಲೆ. ಅದರಲ್ಲಿರುವುದು ಮಾಸು, ಮಾಸಿಗೆ ಅಂಟಿಕೊಂಡ ಹೊಕ್ಕುಳಬಳ್ಳಿ. ಬೇರೆಯವರ ಪಾಲಿಗೆ ಅದು ಬಕೆಟ್ಟಿಗೆ ಹೋಗುವ ವಸ್ತು. ಇವರು ಅದನ್ನು ಸ್ಟ್ಯಾಂಡಿನ ಮೇಲಿಟ್ಟು, ಬಳ್ಳಿಯನ್ನು ಔಷಧಿಯಿಂದ ಒರೆಸಿ, ಉಬ್ಬಿದ ನರಕ್ಕೆ ಸೂಜಿ ಚುಚ್ಚುತ್ತಾರೆ. ಕಡುಗೆಂಪು ರಕ್ತ ಕೊಳವೆಯಲ್ಲಿ ಇಳಿದು ಕೆಳಗಿನ ಚೀಲ ಸೇರುತ್ತದೆ. ಎಡಗೈ ಆ ಚೀಲವನ್ನು ತೊಟ್ಟಿಲು ತೂಗುವ ಹಾಗೆ ತೂಗುತ್ತಲೇ ಇರುತ್ತದೆ.

“ನಿಲ್ಲಿಸೋ ಹಾಗಿಲ್ಲ. ಚೀಲದಲ್ಲಿರೋ ಔಷಧಿ ರಕ್ತಕ್ಕೆಲ್ಲ ಬೆರೀಬೇಕು. ಒಂದು ಚೂರು ಹೆಪ್ಪುಗಟ್ಟಿದ್ರೂ ಲ್ಯಾಬಿನವರು ಬೇಡ ಅಂತಾರೆ,” ಎನ್ನುತ್ತಾರೆ, ತಲೆಯೆತ್ತದೆ.

ಐವತ್ತು ದಾಟಿದ ಈ ನರ್ಸ್, ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಬಳ್ಳಿಯಕ್ಕ. ಬೇಕಾದ ರೋಗಿಗಳಿಗೆಲ್ಲ ಕೊಡಲು ಕೂಡಿಡುವ ಸಾರ್ವಜನಿಕ ಬ್ಯಾಂಕಿಗಾಗಿ ಹೊಕ್ಕುಳಬಳ್ಳಿಯ ರಕ್ತ ತೆಗೆಯುವುದು ಅವರ ಕೆಲಸ. ರಕ್ತದ ಕ್ಯಾನ್ಸರ್‌ನಂಥ ಕಾಯಿಲೆಯಿಂದ, ಮೂಳೆಯೊಳಗೆ ರಕ್ತ ಹುಟ್ಟಿಸುವ ಮಜ್ಜೆ ಕೆಟ್ಟುಹೋದವರಿಗೆ ಈ ರಕ್ತ ಹೊಸ ಮಜ್ಜೆಯ ಬೀಜವಾಗಬಲ್ಲದು. ತೆಗೆದದ್ದೆಲ್ಲ ಉಳಿಯುವುದಿಲ್ಲ. ಬಳ್ಳಿಯ ರಕ್ತದಲ್ಲಿ ಮಗುವಿಗೆ ಸೇರಬೇಕಾದದ್ದು ಸೇರಿದ ಮೇಲಷ್ಟೇ ಇವರ ಸರದಿ, ಹಾಗಾಗಿ ಎಷ್ಟೋ ಸಲ ಚೀಲ ತುಂಬುವುದೇ ಇಲ್ಲ. ಹತ್ತು ಕಳಿಸಿದರೆ ಏಳು ತಿರಸ್ಕೃತ. ಉಳಿದದ್ದು ಯಾರ ಮೈ ಸೇರಿತು ಎಂಬ ಸುದ್ದಿಯೂ ಇವರಿಗೆ ಬರುವುದಿಲ್ಲ. ಅವರ ಬಗ್ಗೆ ಬರೆಯಲೆಂದು ಕೆಲವು ದಿನ ಅವರ ಹಿಂದೆ ಓಡಾಡಿದ ನಾನಾಗಿದ್ದರೆ ಇಂಥ ಕೆಲಸವನ್ನು ಒಂದು ವಾರವೂ ಮಾಡುತ್ತಿರಲಿಲ್ಲ.

ಸೂಜಿ ಹಿಡಿಯುವುದಕ್ಕಿಂತ ಕಷ್ಟದ್ದು ಬಾಯಿಯ ಕೆಲಸ. ತುಂಬು ಬಸುರಿಯರು ತಪಾಸಣೆಗೆ ಬಂದಾಗ ಅವರ ಪಕ್ಕ ಕುಳಿತು, ಮಾತಾಡಿಸಿ, ಒಪ್ಪಿಗೆ ಪಡೆಯಬೇಕು. ಅದೇ ಪಡಸಾಲೆಯ ಇನ್ನೊಂದು ತುದಿಯಲ್ಲಿ ಖಾಸಗಿ ಬ್ಯಾಂಕಿನವರು ನುಣುಪು ಕಾಗದ ಹಿಡಿದು ನಿಂತಿರುತ್ತಾರೆ: ನಿಮ್ಮ ಮಗುವಿನ ರಕ್ತ ನಿಮ್ಮ ಮನೆಯವರಿಗೇ, ವರ್ಷ ವರ್ಷ ಬಾಡಿಗೆ ಕಟ್ಟಿದರಾಯಿತು.

“ಒಂಬತ್ತು ತಿಂಗಳ ಹೊಟ್ಟೆ ಹೊತ್ತವಳಿಗೆ ಭಯ ತೋರ್ಸಿದ್ರೆ ಆಕಾಶದಲ್ಲಿ ಸೈಟು ಅಂದ್ರೂ ಕೊಂಡ್ಕೋತಾಳೆ,” ಎಂದು ಬಳ್ಳಿಯಕ್ಕ ನಗುತ್ತಾರೆ. ಹಾಗೆಂದು ಅವರಿಗೆ ಹಠವಿಲ್ಲ. “ಮನೇಲಿ ಆಗ್ಲೇ ಒಂದು ಮಗುಗೆ ರಕ್ತದ ಕಾಯಿಲೆ ಇದ್ರೆ ಇಟ್ಕೊಳ್ಳಿ ಅಂತ ನಾನೇ ಹೇಳ್ತೀನಿ, ತಮ್ಮನದ್ದೋ ತಂಗಿದೋ ಹೊಂದಬಹುದು. ಏನೂ ಇಲ್ದಿದ್ರೆ ಯಾಕಮ್ಮ ಬೀಗ ಹಾಕಿಡ್ತೀಯಾ? ನಿನ್ನ ಮಗುಗೇ ಮುಂದೆ ರಕ್ತದ ಕ್ಯಾನ್ಸರ್ ಬಂದ್ರೂ ಅದರದ್ದನ್ನೇ ಅದಕ್ಕೆ ಸಾಮಾನ್ಯವಾಗಿ ಕೊಡಲ್ಲ, ಕಾಯಿಲೆ ಬೀಜ ಅದರಲ್ಲೂ ಇರಬಹುದು ಅಂತ. ಆಗ ನೀನೂ ಬೇರೆಯವರ ಚೀಲಕ್ಕೇ ಕೈ ಚಾಚಬೇಕು. ಎಲ್ರೂ ಒಳಗಿಟ್ಕೊಂಡ್ರೆ ಚಾಚೋದೆಲ್ಲಿಗೆ?”

ಮಾತು ಸ್ಪಷ್ಟವಾಗಿದೆ, ಬಾಯಿಪಾಠವಾಗಿದೆ. ಆದರೆ “ನಿಮ್ಮ ಮನೆಯದನ್ನು ಕೊಟ್ರಾ ಅಕ್ಕ?” ಎಂದು ಬಸುರಿಯೊಬ್ಬಳು ಕೇಳಿದಾಗ ಅವರ ಮುಖ ಬಾಡುವುದನ್ನು ನಾನು ನೋಡಿದೆ. ಅದರ ಹಿಂದಿನ ಕಥೆ ಅವರು ಹೇಳಿದ್ದು ಮಧ್ಯಾಹ್ನ, ಬಟ್ಟೆ ಒಗೆಯುವ ಕೋಣೆಯ ಹಿಂದಿನ ಮೆಟ್ಟಿಲ ಮೇಲೆ, ಊಟದ ಡಬ್ಬಿಯ ಮುಚ್ಚಳ ತೆಗೆಯದೆಯೇ.

ಕೆಲವು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವರ ಮಗಳ ಚೊಚ್ಚಲ ಹೆರಿಗೆ. ಬೀಗತಿಗೆ ಖಾಸಗಿ ಬ್ಯಾಂಕೇ ಆಗಬೇಕಿತ್ತು. ಮಗಳು ಅತ್ತೆಯೊಂದಿಗೆ ವಾದ ಮಾಡಿ, ಎರಡು ದಿನ ಮುಖ ಊದಿಸಿಕೊಂಡು, ಕೊನೆಗೆ ದಾನಕ್ಕೆ ಒಪ್ಪಿಸಿದ್ದಳು. “ನಮ್ಮಮ್ಮ ಇಡೀ ಊರಿಗೆ ಹೇಳ್ತಾಳೆ, ನಾನು ಬಚ್ಚಿಡಲಾ?” ಎಂದಿದ್ದಳಂತೆ. ಆ ಮಾತು ಹೇಳುವಾಗ ಬಳ್ಳಿಯಕ್ಕನ ಕುತ್ತಿಗೆ ಇವತ್ತಿಗೂ ನೆಟ್ಟಗಾಗುತ್ತದೆ.

ಅಂದು ಜೊತೆಯ ನರ್ಸ್ ಬುದ್ಧಿ ಹೇಳಿದ್ದರು: “ಅಕ್ಕ, ಇವತ್ತು ನೀವು ಅಜ್ಜಿಯಾಗಿ ನಿಂತ್ಕೊಳ್ಳಿ. ಚೀಲ ನಾನು ನೋಡ್ಕೋತೀನಿ.” ಬಳ್ಳಿಯಕ್ಕ ಕೇಳಲಿಲ್ಲ. ತನ್ನ ಮಗಳದ್ದನ್ನು ತಾನೇ ತೆಗೆಯಬೇಕೆಂಬ ಆಸೆ. ಆ ನರ್ಸನ್ನು ಪಕ್ಕದ ಕೋಣೆಯ ಹೆರಿಗೆಗೆ ಕಳಿಸಿಬಿಟ್ಟರು.

ಮಗು ಹುಟ್ಟಿತು, ಅಳಲಿಲ್ಲ. ಬಳ್ಳಿ ಕತ್ತರಿಸಿ, ಮಗುವನ್ನು ಮೂಲೆಯ ಮೇಜಿಗೆ ಒಯ್ದರು.

“ಮಾಸು ಬಂತು, ತಟ್ಟೇಲಿ ಹಾಕಿ ನನ್ನ ಮುಂದೆ ಇಟ್ರು. ಸೂಜಿ ಕೈಯಲ್ಲೇ ಇತ್ತು. ಮಗು ನೀಲಿ ಆಗಿತ್ತು. ಸೂಜಿ ಎಲ್ಲಿಟ್ಟೆನೋ ಗೊತ್ತಿಲ್ಲ, ಓಡಿಹೋಗಿ ಮೇಜಿನ ಹತ್ರ ನಿಂತೆ. ನಾನು ಅಲ್ಲಿದ್ದು ಮಾಡೋದೇನೂ ಇರ್ಲಿಲ್ಲ. ಡಾಕ್ಟರಿಗೇ ಅಡ್ಡ ಆಗ್ತಿದ್ದೆ.”

ಕೊನೆಗೂ ಮಗು ಅತ್ತಿತು. ಅಜ್ಜಿ ಅದನ್ನು ಎದೆಗವಚಿಕೊಂಡು ತಾನೂ ಅತ್ತರು, ಮಗಳ ಹಣೆ ಸವರಿದರು, ಹೊರಗೆ ಹೋಗಿ ಬೀಗತಿಯ ಮಡಿಲಿಗೆ ಮಗುವನ್ನಿಟ್ಟರು. ತಟ್ಟೆ ನೆನಪಾಗಿ ಒಳಗೆ ಬಂದಾಗ ರಕ್ತ ಬಳ್ಳಿಯೊಳಗೇ ಹೆಪ್ಪುಗಟ್ಟಿತ್ತು. ಎರಡು ಸಲ ಚುಚ್ಚಿ ನೋಡಿದರು. ಚೀಲಕ್ಕೆ ಒಂದು ಹನಿಯೂ ಇಳಿಯಲಿಲ್ಲ.

ಅದರಿಂದ ಮಗುವಿಗೇನೂ ಕಷ್ಟವಾಗಲಿಲ್ಲ. ಈಗ ಮನೆತುಂಬ ಓಡಾಡಿ ಎಲ್ಲರ ಜೀವ ತಿನ್ನುತ್ತದೆ. ಡಾಕ್ಟರೂ ಬೈಯಲಿಲ್ಲ. ಬೀಗತಿ ಮಾತ್ರ ಒಂದು ಮಾತು ಅಂದರು: “ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಕೇಳಿದ್ದೆ. ಇದು ಮನೆಗೂ ಇಲ್ಲ, ಊರಿಗೂ ಇಲ್ಲ.” ಅತ್ತೆಯ ಎದುರು ವಾದಿಸಿ ಗೆದ್ದಿದ್ದ ಮಗಳು ಆ ಹೊತ್ತು ಗೋಡೆಯ ಕಡೆ ತಿರುಗಿ ಮಲಗಿದಳು. ಬೀಗತಿಯ ಮಾತಿಗಿಂತ ಮಗಳ ಆ ಬೆನ್ನು ತನ್ನನ್ನು ಹೆಚ್ಚು ಸುಟ್ಟಿತು ಎನ್ನುತ್ತಾರೆ ಬಳ್ಳಿಯಕ್ಕ.

ಮಗಳಿಗೆ ಈಗ ಮತ್ತೆ ದಿನ ತುಂಬುತ್ತಿದೆ. ನಾನು ಅವಳ ಮನೆಗೆ ಹೋದಾಗ ಮಲಗುವ ಕೋಣೆಯ ಬೀರುವಿನ ಮೇಲೆ ಖಾಸಗಿ ಬ್ಯಾಂಕಿನ ಬಿಳಿ ಪೆಟ್ಟಿಗೆ ಕಂಡಿತು. ಅಳಿಯ ತಂದಿಟ್ಟದ್ದು. ಹೆರಿಗೆಗೆ ಹೋಗುವಾಗ ಅದನ್ನು ಒಯ್ದರೆ ಅಲ್ಲಿನ ನರ್ಸೇ ರಕ್ತ ತೆಗೆದು ಅದರಲ್ಲಿಟ್ಟು ಕಳಿಸುತ್ತಾರೆ.

“ಅಮ್ಮನ ಮೇಲೆ ಕೋಪ ಇಲ್ಲ ನಂಗೆ,” ಎಂದಳು ಮಗಳು, ದೊಡ್ಡವನ ಅಂಗಿ ಮಡಚುತ್ತಾ. “ಅವಳ ಜಾಗದಲ್ಲಿ ನಾನಿದ್ರೂ ಮಗು ಹತ್ರಾನೇ ಓಡ್ತಿದ್ದೆ. ಆದ್ರೆ ಅತ್ತೆ ಮುಂದೆ ಮತ್ತೆ ಅದೇ ವಾದ ಮಾಡೋ ಮುಖ ನಂಗಿಲ್ಲ. ತೆಗೆಯೋಕೆ ಅಮ್ಮನ ಜೊತೆಯ ನರ್ಸಿಗೆ ಹೇಳಿದ್ದೀನಿ. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ನೀವೂ ಹೇಳಬೇಡಿ.”

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಯಾವ ಗುಟ್ಟು ನಿಲ್ಲುತ್ತದೆ? ಮರುದಿನ ಹೋದಾಗ ಬಳ್ಳಿಯಕ್ಕನಿಗೆ ಎಲ್ಲ ಗೊತ್ತಿತ್ತು. ಆಗತಾನೇ ಒಬ್ಬ ಬಸುರಿಯ ಪಕ್ಕ ಕುಳಿತು ಅದೇ ಮಾತುಗಳನ್ನು ಅಷ್ಟೇ ಅಕ್ಕರೆಯಿಂದ ಹೇಳಿ, ಒಪ್ಪಿಸಿ ಎದ್ದುಬಂದಿದ್ದರು. ಮಗಳಿಗೂ ಒಮ್ಮೆ ಹೇಳಿ ನೋಡಬಾರದೇ ಎಂದೆ.

“ಊರವರ ಮಕ್ಕಳಿಗೆಲ್ಲ ಹೇಳ್ತೀನಿ. ಅವಳ ಮುಂದೆ ಯಾವ ಬಾಯಲ್ಲಿ ಹೇಳ್ಲಿ? ನನ್ನ ಮಾತು ನಂಬಿ ಒಂದು ಸಲ ಸೋತಿದ್ದಾಳೆ.”

ಕೈಗವಸು ಕಳಚಿ ಬುಟ್ಟಿಗೆ ಹಾಕಿದರು. ಒಳಗಿನಿಂದ ಯಾರೋ “ಬಳ್ಳಿಯಕ್ಕಾ” ಎಂದು ಕೂಗಿದರು. ಬಂದೆ ಎಂದವರು ಎರಡು ಹೆಜ್ಜೆ ಹೋಗಿ ನಿಂತರು.

“ದಾನ ಅಂತ ನಾನಿನ್ನು ಅವಳ ಹತ್ರ ಹಠ ಹಿಡಿಯಲ್ಲ. ಯಾವ ಪೆಟ್ಟಿಗೆಗೆ ಹೋದ್ರೂ ಹೋಗ್ಲಿ. ‘ಅಮ್ಮ, ನೀನೇ ತೆಗಿ’ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು.”