ದೋಣಿಯಲ್ಲಿ ಹೋದ ರಾಜ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಾವು ಅಮೆರಿಕದ ನಾರ್ತ್‌ರಿಜ್‌ನಲ್ಲಿದ್ದೆವು. ಅದು ಕೊರೊನಾ ಕಾಲ. ದೂರದ ಲಾ ಹೋಯಾ ಊರಿನ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದುತ್ತಿದ್ದ ಅಕ್ಕ, ಕ್ಯಾಂಪಸ್ ಮುಚ್ಚಿದ್ದರಿಂದ ಕಾರಿನ ತುಂಬ ಪುಸ್ತಕ ತುಂಬಿಕೊಂಡು ಮನೆಗೆ ಬಂದಿದ್ದಳು. ಬ್ರಿಟನ್ನಿನ ಹಳೆಯ ಜನರನ್ನೂ ಅವರ ದಂತಕಥೆಯ ರಾಜರನ್ನೂ ಬೇರೆ ಬೇರೆ ಕಾಲದವರು ಹೇಗೆಲ್ಲ ಬರೆದರು ಎಂಬುದೇ ಅವಳ ಓದು. ಸಂಜೆ ಹುರುಳಿಕಾಯಿ ಬಿಡಿಸುತ್ತಾ ಅಮ್ಮ ಅವಳಿಂದ ಆ ಕಥೆಗಳನ್ನು ಹೇಳಿಸಿಕೊಳ್ಳುತ್ತಿದ್ದಳು. ಗೆದ್ದು ಬಂದ ರೋಮನ್ನರು ಆ ಹಳೆಯ ಜನರನ್ನು ಮೈಗೆ ನೀಲಿ ಬಳಿದುಕೊಂಡ ಕಾಡುಜನ ಎಂದು ಬರೆದರಂತೆ. ಎಷ್ಟೋ ಕಾಲದ ಮೇಲೆ ಬಂದ ಕವಿಗಳು ಅವರ ರಾಜನಿಗೆ ಹೊಳೆಯುವ ಉಕ್ಕಿನ ಕವಚ ತೊಡಿಸಿದರಂತೆ. "ಪಾಪ, ಆ ಜನರನ್ನೇ ಯಾರೂ ಕೇಳಲಿಲ್ಲ ನೋಡು," ಎಂದು ಅಮ್ಮ ನಗುತ್ತಿದ್ದಳು.

ಚಳಿಗಾಲದಲ್ಲಿ ಅಮ್ಮನಿಗೇ ಕೊರೊನಾ ಬಂತು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನರ್ಸ್ ಫೋನ್ ಮಾಡಿ, ಮಾತಾಡುವುದಿದ್ದರೆ ಇವತ್ತೇ ಮಾತಾಡಿ ಎಂದರು. ಮನೆಯಲ್ಲಿ ಕೂರಲಾಗದೆ ಅಪ್ಪ ನಮ್ಮಿಬ್ಬರನ್ನೂ ಆಸ್ಪತ್ರೆಯ ಪಾರ್ಕಿಂಗ್‌ಗೆ ಕರೆದುಕೊಂಡು ಹೋದರು. ಬಿಸಿಲಿಗೆ ಸೀಟು ಕಾದಿತ್ತು. ಕಾರೆಲ್ಲ ಸ್ಯಾನಿಟೈಸರ್ ವಾಸನೆ. ನರ್ಸ್ ವಿಡಿಯೊ ಕರೆ ಮಾಡಿ ಫೋನನ್ನು ಅಮ್ಮನ ಮುಖದ ಹತ್ತಿರ ಹಿಡಿದರು. ಬಾಯಲ್ಲಿ ಕೊಳವೆ, ಮುಚ್ಚಿದ ಕಣ್ಣು. ಅಪ್ಪನಿಂದ ಅಮ್ಮನ ಹೆಸರು ಕರೆಯುವುದಷ್ಟೇ ಆಯಿತು. ಅಕ್ಕ ಮಾತ್ರ, ಅರ್ಧಕ್ಕೆ ನಿಂತಿದ್ದ ಕಥೆಯನ್ನು ಮುಂದುವರಿಸಿದಳು. ಕೊನೆಯ ಯುದ್ಧದಲ್ಲಿ ಗಾಯಗೊಂಡ ರಾಜನನ್ನು ದೋಣಿಯಲ್ಲಿ ಮಲಗಿಸಿ ದೂರದ ದ್ವೀಪಕ್ಕೆ ಕರೆದೊಯ್ದರು.

"ಅವನಿಗೆ ವಾಸಿ ಆಗುತ್ತಾ?" ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ.

"ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ," ಎಂದಳು ಅಕ್ಕ ಮೆಲ್ಲಗೆ. "ತೀರಾ ಹಳೆಯದರಲ್ಲಿ ಸತ್ತ ಅಂತಷ್ಟೇ ಇದೆ. ವಾಪಸ್ ಬರ್ತಾನೆ ಅಂತ ಆಮೇಲೆ ಸೇರಿಸಿದ್ದು."

"ಯಾಕೆ?"

"ನಾಡೆಲ್ಲ ಕಳೆದುಕೊಂಡ ಜನ ಕಣೋ. ಇನ್ನೇನು ಹೇಳ್ಕೋತಾರೆ?"

ಮನೆಯಲ್ಲಿ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನಾನು ಆವತ್ತು ಫೋನಿಗೆ ಬಾಯಿ ಹತ್ತಿರ ಇಟ್ಟು ಕನ್ನಡದಲ್ಲಿ ಹೇಳಿದೆ: "ಅಮ್ಮ, ರಾಜ ವಾಪಸ್ ಬರ್ತಾನೆ."

ಅಮ್ಮನ ರೆಪ್ಪೆ ಅಲುಗಲಿಲ್ಲ. ಬಿಸಿಲು ಇಳಿಯುವ ಮೊದಲೇ ಅಮ್ಮ ಹೋದಳು. ಅಕ್ಕ ಆ ಓದನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಅಪ್ಪ ಮನೆಯಲ್ಲಿ ಮಾತಾಡುವುದೇ ಕಡಿಮೆಯಾಯಿತು.

ಮಕ್ಕಳೇ, ಈಗ ನಿಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದರೆ ನೀವು ಅವಳ ಮಂಚವನ್ನೇ ಹತ್ತಿ ಕೂರುತ್ತೀರಿ, ಅವಳ ತಟ್ಟೆಯ ಜೆಲ್ಲಿಯನ್ನೂ ತಿಂದು ಮುಗಿಸುತ್ತೀರಿ. ನಾವು ಮೂವರು ಆವತ್ತು ಪಾರ್ಕಿಂಗ್‌ನಲ್ಲಿ ನಿಂತು, ಕತ್ತೆತ್ತಿ, ಸಾಲು ಸಾಲು ಕಿಟಕಿಗಳನ್ನು ನೋಡುತ್ತಿದ್ದೆವು. ಅದರಲ್ಲಿ ಅಮ್ಮನದು ಯಾವುದೆಂದು ಕೊನೆಗೂ ನಮಗೆ ಗೊತ್ತಾಗಲಿಲ್ಲ.