ಕಾಕ ಮುಟ್ಟಿದ ನೂಲು

ಕಳೆದ ವಾರ ಊರಿನಿಂದ ಬಂದ ಪರಿಚಯದವರೊಬ್ಬರು ಕೊಲ್ಲಿ ದೇಶದ ಅಲ್ ವುಕೈರಿನ ನಮ್ಮ ಫ್ಲಾಟಿಗೆ ಒಂದು ಪೊಟ್ಟಣ ತಂದುಕೊಟ್ಟರು. ಮೂರು ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೆಯ ಪತ್ರಿಕೆಯ ಹಾಳೆ, ಅದರೊಳಗೆ ಒಣಗಿಸಿದ ತಾಟೆ. ಶಾರ್ಕ್ ಎಂದರೆ ಎಲ್ಲರಿಗೂ ಗೊತ್ತಾದೀತು. ನನ್ನ ಸೊಸೆ ಹೆತ್ತು ಆಗ ಹನ್ನೆರಡು ದಿನ. ತಾಟೆಯ ಸಾರು ಕುಡಿದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂಬುದು ನಮ್ಮ ಕರಾವಳಿಯವರ ನಂಬಿಕೆ. ಪೊಟ್ಟಣ ಬಿಚ್ಚುವ ಮೊದಲೇ ಅದರ ವಾಸನೆ ಎಸಿ ಕೋಣೆಯನ್ನೆಲ್ಲ ತುಂಬಿತು. ಹೆಂಡತಿ ಕಿಟಕಿ ತೆರೆಯಲು ಓಡಿದಳು. ನನಗೆ ಕಾಕ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು...

ಕಾಕ ಉಳ್ಳಾಲದ ಕಡೆಯವರು. ಇಲ್ಲಿ ಒಬ್ಬ ಅರಬಾಬನ, ಎಂದರೆ ಅರಬ್ ಧಣಿಯ, ಖಾಸಗಿ ಬೋಟು ನಡೆಸುತ್ತಿದ್ದರು. ಅವರ ಮನೆಮಾತು ಬ್ಯಾರಿ, ನಮ್ಮದು ಕೊಂಕಣಿ. ನನ್ನ ತುಳು ಕೇಳಿದರೆ ಅವರಿಗೆ ನಗು ತಡೆಯುತ್ತಿರಲಿಲ್ಲವಾದ್ದರಿಂದ ನಮ್ಮ ಮಾತೆಲ್ಲ ಕನ್ನಡದಲ್ಲಿ. ಕೊಂಕಣಿಯವರನ್ನು ಕರೆಯುವ ಊರಿನ ರೂಢಿಯಂತೆ ನನ್ನನ್ನು ಅವರು ‘ಪರ್ಬುಗಳೇ’ ಎಂದು ಕರೆಯುತ್ತಿದ್ದರು. ಶುಕ್ರವಾರ ನಮಾಜು ಮುಗಿಸಿ, ನಮ್ಮ ಮನೆಯ ಬಾಗಿಲಿಗೆ ಒಂದು ಚೀಲ ಮೀನು ತೂಗುಹಾಕಿ, ಒಳಗೆ ಕರೆದರೆ ಬಟ್ಟೆ ನಾರುತ್ತದೆ ಎಂದು ಹೊರಗಿನಿಂದಲೇ ಹೋಗಿಬಿಡುತ್ತಿದ್ದರು. ಕರಾವಳಿಯಲ್ಲಿ ಹುಟ್ಟಿಯೂ ದೋಣಿ ಹತ್ತದ ನನ್ನನ್ನು ಕಂಡರೆ ಅವರಿಗೆ ತಮಾಷೆ.

ಆ ವರ್ಷ ಅವರ ಒಬ್ಬಳೇ ಮಗಳಿಗೆ ಚೊಚ್ಚಲ ಹೆರಿಗೆಯ ದಿನ ಹತ್ತಿರವಾಗಿತ್ತು. ಚೊಚ್ಚಲಿಗೆ ತವರಿಗೆ ಬಂದಿದ್ದಳು, ಆದರೆ ತವರಿನಲ್ಲಿ ತಾಯಿ ಇರಲಿಲ್ಲ, ತೀರಿಕೊಂಡು ಮೂರು ವರ್ಷವಾಗಿತ್ತು. ಪಕ್ಕದ ಮನೆಯವರ ಕೈಯಲ್ಲಿ ಹುಡುಗಿ. ಕಾಕ ಎರಡು ವರ್ಷದಿಂದ ರಜೆ ಕೇಳುತ್ತಿದ್ದರು. ಅರಬಾಬ ಬೈಯುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೆನ್ನು ತಟ್ಟಿ, “ಈ ಸೀಸನ್ ಮುಗಿಯಲಿ, ಇನ್ಶಾ ಅಲ್ಲಾ” ಎನ್ನುತ್ತಿದ್ದ. ಅವನಿಗೆ ಬೇರೆ ಯಾರ ಕೈಯಲ್ಲೂ ಬೋಟು ಕೊಡಲು ಧೈರ್ಯವಿರಲಿಲ್ಲ.

ಕಾನೂನು ಬದಲಾಗಿದೆ, ದೇಶ ಬಿಡಲು ಈಗ ಯಾರ ಅಪ್ಪಣೆಯೂ ಬೇಡ, ಟಿಕೆಟ್ ತೆಗೆದು ಹೋಗಬಹುದು ಎಂದು ನಾನು ಆಫೀಸಿನವರ ಧಾಟಿಯಲ್ಲಿ ಅವರಿಗೆ ಬಿಡಿಸಿ ಹೇಳಿದ್ದೆ. ಕಾಕ ತಾಳ್ಮೆಯಿಂದ ಕೇಳಿ, “ಕಾನೂನು ಸರಿಯುಂಟು ಪರ್ಬುಗಳೇ. ಪಾಸ್‌ಪೋರ್ಟ್ ಇರುವುದು ಅವರ ಕಪಾಟಿನಲ್ಲಿ” ಎಂದರು. ದೂರು ಕೊಟ್ಟರೆ ಕೆಲಸಕ್ಕೇ ಕುತ್ತು, ಕೊಡದಿದ್ದರೆ ಮಗಳ ಮುಖವಿಲ್ಲ. ಅತ್ತ ದರಿ, ಇತ್ತ ಪುಲಿ.

ಆಗಲೇ ಶಾರ್ಕ್ ಹಿಡಿಯುವ ಸ್ಪರ್ಧೆ ಬಂತು. ನಡುಸಮುದ್ರಕ್ಕೆ ಹೋಗಿ ಗಾಳದಲ್ಲಿ ಶಾರ್ಕ್ ಹಿಡಿಯಬೇಕು, ಬೋಟಿನ ಮಗ್ಗುಲಲ್ಲೇ ಅಳೆಯಬೇಕು, ಫೋಟೋ ತೆಗೆದು ಬಿಟ್ಟುಬಿಡಬೇಕು. ಹೆಚ್ಚು ಉದ್ದದ್ದು ಸಿಕ್ಕಿದವರಿಗೆ ಬಹುಮಾನದ ಕಪ್ಪು. ಅರಬಾಬನಿಗೆ ಆ ಕಪ್ಪಿನ ಹುಚ್ಚು. “ಗೆದ್ದರೆ ಮರುದಿನವೇ ಪಾಸ್‌ಪೋರ್ಟು, ಟಿಕೆಟ್ಟು” ಎಂದು ಕಾಕನ ಕೈಹಿಡಿದು ಹೇಳಿದ್ದನಂತೆ. ಅದನ್ನು ನನಗೆ ಹೇಳುವಾಗ ಕಾಕ ಮೊದಲ ಬಾರಿಗೆ ನಮ್ಮ ಮನೆಯೊಳಗೆ ಬಂದು ಕುಳಿತು ಚಹಾ ಕುಡಿದರು.

ಪ್ರತಿ ಬೋಟಿಗೂ ಹೊರಗಿನ ಒಬ್ಬ ವೀಕ್ಷಕ ಇರಬೇಕೆಂಬುದು ನಿಯಮ, ಅದಕ್ಕೆ ನಮ್ಮ ಆಫೀಸಿನಿಂದಲೂ ಜನ ಕೇಳಿದ್ದರು. ನನ್ನ ಕೈಬರಹ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಮ್ಯಾನೇಜರ್ ನನ್ನ ಹೆಸರು ಕೊಟ್ಟಿದ್ದರು. ಚೀಟಿ ಎತ್ತಿದಾಗ ನನಗೆ ಬಂದದ್ದು ಕಾಕನ ಬೋಟೇ. ಪರಿಚಯದವರು, ಬೇರೆ ಬೋಟು ಕೊಡಿ ಎಂದು ನಾನು ಹೇಳಬಹುದಿತ್ತು... ಹೇಳಲಿಲ್ಲ. ಕಾಕನ ಗೆಲುವನ್ನು ನನ್ನ ಕೈಯಾರೆ ಬರೆಯುವ ಆಸೆ ನನಗಿತ್ತು.

ಬೆಳಕು ಹರಿಯುವಾಗ ಹೊರಟೆವು. ದಂಡೆ ಮರೆಯಾದ ಮೇಲೆ ಸುತ್ತಲೂ ನೀರು, ಮೇಲೆ ಕಾದ ಹಂಚಿನಂಥ ಆಕಾಶ. ಬೋಟಿನಲ್ಲಿ ಎದ್ದು ಹೋಗಲು ಜಾಗವಿಲ್ಲ, ಕೂರಲು ನೆರಳಿಲ್ಲ. ನಾನು ಎರಡು ಸಲ ವಾಂತಿ ಮಾಡಿದೆ. “ಮೀನು ತಿನ್ಲಿಕ್ಕೆ ಮಾತ್ರ ಕಲ್ತಿದ್ದೀರಿ ನೀವು” ಎಂದು ಕಾಕ ಲಿಂಬೆಹಣ್ಣು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಗಾಳಕ್ಕೆ ಬಿತ್ತು ನೋಡಿ, ಕೋಲು ಬಿಲ್ಲಿನಂತೆ ಬಾಗಿತು. ಅರಬಾಬ ಕುರ್ಚಿಗೆ ಬೆಲ್ಟು ಕಟ್ಟಿಕೊಂಡು ಒಂದು ಗಂಟೆಗೂ ಹೆಚ್ಚು ಕಾಲ ಎಳೆದ, ಬಿಟ್ಟ, ಮತ್ತೆ ಎಳೆದ. ಕಾಕ ಎಂಜಿನ್ನನ್ನು ಹಿಂದೆ ಮುಂದೆ ಆಡಿಸುತ್ತ ಮೀನಿನ ಮನಸ್ಸು ಓದುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು, ದುವಾ ಇರಬೇಕು.

ನಿಯಮಗಳಲ್ಲಿ ಮುಖ್ಯವಾದದ್ದು ಒಂದಿತ್ತು. ಗಾಳ ಹಿಡಿದವನ ಹೊರತು ಬೇರೆ ಯಾರೂ ಕೋಲನ್ನಾಗಲಿ ನೂಲನ್ನಾಗಲಿ ಮುಟ್ಟಬಾರದು. ಮುಟ್ಟಿದರೆ ಆ ಮೀನು ಲೆಕ್ಕಕ್ಕಿಲ್ಲ. ಕಾಕನಿಗೆ ಇದನ್ನು ನಾನೇ ಎರಡು ಸಲ ಓದಿ ಹೇಳಿದ್ದೆ. ಅದರ ನ್ಯಾಯ ಅವರಿಗೆ ಕೊನೆಗೂ ಅರ್ಥವಾಗಿರಲಿಲ್ಲ. ಅವರು ಕಲಿತ ದೋಣಿಗಳಲ್ಲಿ ಮೀನು ಬಿದ್ದ ನೂಲು ಎಲ್ಲರದು. ಹತ್ತಿರ ಇದ್ದವನು ಹಿಡಿಯಲೇಬೇಕು, ಹಿಡಿಯದವನನ್ನು ಮತ್ತೆ ದೋಣಿಗೆ ಕರೆಯುವುದಿಲ್ಲ.

ಮೀನು ಕೊನೆಯ ಬಾರಿ ಬೋಟಿನ ಅಡಿಗೆ ನುಗ್ಗಿತು. ನೂಲು ಎಂಜಿನ್ನಿನ ಅಂಚಿಗೆ ಉಜ್ಜತೊಡಗಿತು. ಕಾಕ ಬಗ್ಗಿ, ಬರಿಗೈಯಲ್ಲಿ ಅದನ್ನು ಎತ್ತಿ ಈಚೆ ಬಿಟ್ಟರು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅರಬಾಬನ ಕಣ್ಣಲ್ಲಿ ಬೆವರು, ಅವನಿಗೆ ಕಾಣಲಿಲ್ಲ. ಕಂಡದ್ದು ನನಗೊಬ್ಬನಿಗೆ.

ಮೀನು ಮಗ್ಗುಲಿಗೆ ಬಂತು. ನನ್ನ ಎತ್ತರಕ್ಕಿಂತ ಒಂದು ಮೊಳ ಉದ್ದ. ಅಳೆದೆವು, ಫೋಟೋ ತೆಗೆದೆ, ಕೊಂಡಿ ಬಿಡಿಸಿದ್ದೇ ತಡ ಬಾಲ ಬೀಸಿ ಹೊರಟುಹೋಯಿತು. ಅರಬಾಬ ಕಾಕನನ್ನು ತಬ್ಬಿಕೊಂಡ. ನಾನು ಫಾರಂ ತೆರೆದೆ. ‘ಬೇರೆಯವರು ನೂಲು ಮುಟ್ಟಿದರೇ?’ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು.

ಕಾಕ ಪಕ್ಕಕ್ಕೆ ಬಂದರು. ಅಂಗೈಯಲ್ಲಿ ನೂಲು ಕೊಯ್ದ ಗೆರೆ ಕೆಂಪಗಿತ್ತು. ಆ ಬೋಟಿನಲ್ಲಿ ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ ಮೆಲ್ಲಗೆ ಕೇಳಿದರು. “ಪರ್ಬುಗಳೇ, ಅದೊಂದು ಬಿಟ್ಟುಬಿಡ್ಲಿಕ್ಕೆ ಆಗ್ತದಾ?”

“ಕೆಳಗೆ ನನ್ನ ಸಹಿ ಉಂಟಲ್ಲ ಕಾಕಾ” ಎಂದೆ.

ಅವರು ಎರಡನೇ ಸಲ ಕೇಳಲಿಲ್ಲ. ನಾನು ‘ಹೌದು’ ಎಂದು ಬರೆದೆ. ಇಪ್ಪತ್ತು ವರ್ಷ ಒಂದು ಕಾಲಂ ಖಾಲಿ ಬಿಡದವನು, ಒಂದು ತಪ್ಪು ಟಿಕ್ ಹಾಕದವನು ನಾನು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಅಂದು ಪೂಜಾರಿ ನಾನು. ದಂಡೆಗೆ ಮರಳಲು ಮೂರು ಗಂಟೆ ಬೇಕಾಯಿತು. ಹಾಡು ಹೇಳುತ್ತಿದ್ದ ಅರಬಾಬ, ಚುಕ್ಕಾಣಿ ಹಿಡಿದು ಬೆನ್ನು ಹಾಕಿ ನಿಂತ ಕಾಕ, ಮಡಿಚಿದ ಆ ಕಾಗದ ಜೇಬಿನಲ್ಲಿಟ್ಟ ನಾನು. ಇಳಿದು ಓಡಿಹೋಗಲು ಎಲ್ಲಿಯೂ ನೆಲವಿರಲಿಲ್ಲ.

ದಂಡೆಯಲ್ಲಿ ಫಾರಂ ಓದಿದ ಮೇಲೆ ಅರಬಾಬ ಕೂಗಾಡಲಿಲ್ಲ. ಕಾಕನ ಮುಖ ನೋಡಿ “ಖಲಾಸ್” ಎಂದ, ಕಾರು ಹತ್ತಿದ. ಮೂರು ವಾರದ ಬಳಿಕ ಮಗಳು ಹೆತ್ತಳು. ಕಾಕ ಮೊಮ್ಮಗನನ್ನು ಫೋನಿನಲ್ಲಿ ನೋಡಿದರು. ಪಾಸ್‌ಪೋರ್ಟು ಕೈಗೆ ಬಂದದ್ದು ಇನ್ನೊಂದು ವರ್ಷ ಕಳೆದು, ಕಣ್ಣು ಮಂಜಾಗಿ ಬೋಟು ನಡೆಸಲು ಆಗದಾದಾಗ. ಅಲ್ಲಿಯವರೆಗೂ ಶುಕ್ರವಾರದ ಮೀನಿನ ಚೀಲ ಒಂದು ವಾರವೂ ತಪ್ಪಲಿಲ್ಲ. ಆ ವಿಷಯ ಅವರು ಎತ್ತಲಿಲ್ಲ, ನನ್ನ ಬಾಯಿಂದ ಕ್ಷಮೆಯ ಮಾತು ಬರಲಿಲ್ಲ. ಬಾಗಿಲಲ್ಲಿ ಚೀಲ ಕಂಡಾಗಲೆಲ್ಲ, ಇವರು ನನ್ನನ್ನು ಒಮ್ಮೆ ಬೈದು ಬಿಟ್ಟುಬಿಡಬಾರದೇ ಎನಿಸುತ್ತಿತ್ತು... ಕಳೆದ ಮಳೆಗಾಲದಲ್ಲಿ ಅವರು ಊರಲ್ಲಿ ತೀರಿಕೊಂಡರೆಂದು ಕೇಳಿದೆ.

ಪೊಟ್ಟಣ ಕಳಿಸಿದ್ದು ಅವರ ಮಗಳು. ಅಂದು ಸಂಜೆ ವಾಟ್ಸ್‌ಆ್ಯಪಿನಲ್ಲಿ, ಅಪ್ಪನನ್ನು ‘ಉಪ್ಪ’ ಎನ್ನುವ ಅವಳ ದನಿ ಬಂತು. “ಅಂಕಲ್, ಪರ್ಬುಗಳ ಮನೆಯಲ್ಲಿ ಬಾಣಂತಿ ಇದ್ರೆ ತಾಟೆ ಕಳಿಸ್ಬೇಕು ಅಂತ ಉಪ್ಪ ಹೇಳಿ ಇಟ್ಟಿದ್ರು. ನನ್ನ ಬಾಣಂತನಕ್ಕೆ ಅವ್ರಿಗೆ ಬರ್ಲಿಕ್ಕೆ ಆಗ್ಲಿಲ್ಲ ನೋಡಿ, ಅದೇ ಬೇಜಾರು ಕಡೆಯವರೆಗೂ. ಬೋಟಿನ ಎಂಜಿನ್ ಹಾಳಾಗಿತ್ತಂತೆ ಅಲ್ವಾ ಆಗ? ನೀವೂ ಅದೇ ಬೋಟಿನಲ್ಲಿ ಇದ್ದಿರಂತೆ.”

ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು. ಸೊಸೆ ಎರಡು ಲೋಟ ಕುಡಿದಳು. ನನ್ನ ಬಟ್ಟಲು ಮೇಜಿನ ಮೇಲೆ ಆರಿತು. ಮೂರನೇ ದಿನ ಫೋನು ಕೈಗೆ ತೆಗೆದುಕೊಂಡು ಕಾಕನ ಮಗಳಿಗೆ ಬರೆದೆ:

“ಹೌದಮ್ಮ. ಎಂಜಿನ್ ಹಾಳಾಗಿತ್ತು. ನಾನು ಕಣ್ಣಾರೆ ಕಂಡಿದ್ದೇನೆ.”