ಗುರುತಿಗೊಂದು ಗೀರು

ದುಬಾರಿ ವಾಚುಗಳ ಗೀರು ತೆಗೆದು ಹೊಳಪು ಕೊಡುವುದು ನನ್ನ ಕೆಲಸ. ಹಾಸನದ ನನ್ನ ಅಂಗಡಿಗೆ ಬರುವವರೆಲ್ಲ ಮೊದಲು ಕಳ್ಳನನ್ನು ನೋಡುವ ಹಾಗೇ ನನ್ನನ್ನು ನೋಡುತ್ತಾರೆ. ಆದರೆ ರಾಮನಾಥಪುರದ ಆ ಹೊಗೆಸೊಪ್ಪಿನ ವ್ಯಾಪಾರಿಯಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ.

ಕೆಲಸ ಮುಗಿದ ಮೇಲೆ ವಾಪಸ್ ಒಯ್ಯಲು ಬಂದ ಅವರು ವಾಚನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಂದಲ್ಲ ಕಣಯ್ಯ" ಅಂದುಬಿಟ್ಟರು.

"ಯಾಕೆ ಸಾ?"

"ಎಲ್ಲಿ ಅದಲುಬದಲು ಮಾಡ್ಬುಟ್ಟೀಯೋ ಅಂತ ಹಿಂದುಗಡೆ ಪಿನ್ನಲ್ಲಿ ಒಂದು ಗೀರು ಎಳ್ದಿದ್ದೆ. ಎಲ್ಲೋಯ್ತು ಅದು?"

"ಗೀರು ತೆಗಿಯೋಕೇ ಅಲ್ವಾ ಸಾ ನೀವು ಕೊಟ್ಟಿದ್ದು?"

"ಬ್ಯಾರೆ ಗೀರು ತೆಗಿ ಅಂದೆ. ನನ್ ಗುರುತು ಯಾಕ್ ತೆಗ್ದೆ?"

ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿ, ನನಗೆ ಕೊಡಲೆಂದು ಬಿಚ್ಚಿದ್ದ ವಾಚನ್ನು ಮೆಲ್ಲಗೆ ಮತ್ತೆ ಕೈಗೆ ಕಟ್ಟಿಕೊಂಡ. ನನಗೆ ಉರಿದುಹೋಯಿತು.

ಇಂಥ ಗಿರಾಕಿಗಳ ವಾಚಾದರೆ ನಾನು ಕೊಳೆಯನ್ನೂ ಎಸೆಯುವುದಿಲ್ಲ. ಚೈನಿನ ಸಂದಿಯಿಂದ ಕೆರೆದು ತೆಗೆದದ್ದನ್ನು ಪೊಟ್ಟಣ ಕಟ್ಟಿಟ್ಟಿದ್ದೆ. ಅದನ್ನೇ ಅವರ ಮುಂದಿಟ್ಟೆ.

ಅವರು ಬಿಚ್ಚಿ ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಕೊಳೆಯೆಲ್ಲ ಹೊಗೆಸೊಪ್ಪಿನ ಪುಡಿ.

"ನಮ್ ಗೋಡೌನಿಂದೇ ಕಣಯ್ಯ," ಎಂದು ವಾಚು ಕಟ್ಟಿಕೊಂಡರು.

ಸದ್ಯ, ನಂಬಿದರಲ್ಲ ಅಂದುಕೊಂಡೆ. ಬಾಗಿಲವರೆಗೆ ಹೋದವರು ಅಲ್ಲೇ ನಿಂತರು, ವಾಚು ಬಿಚ್ಚಿದರು, ಗೋಡೌನಿನ ಬೀಗದ ಕೀ ತೆಗೆದು ಕನ್ನಡಿಯಂತೆ ಹೊಳೆಯುತ್ತಿದ್ದ ಹಿಂಬದಿಗೆ ಕಿರ್ರೆಂದು ಒಂದು ಗೀರೆಳೆದರು.

"ಮುಂದಿನ್ ಸಲ ಇದನ್ನ ಮಾತ್ರ ಮುಟ್ಬೇಡ."

ಮುಂದಿನ ಸಲಕ್ಕೆ ಬೇಕಾದೀತೆಂದು ನಾನು ಆ ಪೊಟ್ಟಣವನ್ನು ಮತ್ತೆ ಕಟ್ಟಿ, ಡ್ರಾಯರಿಗೆ ಹಾಕಿ ಬೀಗ ಜಡಿದೆ.